ಹಳ್ಳಿಶಾಲೆಯ ಮಕ್ಕಳಿಗೆ ದೂರದಿಂದ ಆಪ್ತಸಮಾಲೋಚನೆ ನಡೆಸುವ ಬಗೆ

ಉಡುಪಿಯಲ್ಲೋ ಮಂಗಳೂರಿನಲ್ಲೋ ಕುಳಿತು, ಹೆಬ್ರಿಯ ಆಚೆಗಿನ ಕಬ್ಬಿನಾಲೆ, ನಾಡ್ಪಾಲುಗಳ, ಬೈಂದೂರು ತಾಲ್ಲೂಕಿನ ಜಡ್ಕಲ್, ಮುದೂರುಗಳ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಚಾರ್ಮಾಡಿ ಕಡೆಯ ಶಾಲಾಮಕ್ಕಳೊಂದಿಗೆ ಫೋನಿನಲ್ಲಿ ಅಥವಾ ವೀಡಿಯೊ ಕರೆಯಲ್ಲಿ ಆಪ್ತಸಮಾಲೋಚನೆ ನಡೆಸಲು ಹೊರಟಿರುವವರಿಗೂ, ಅಂಥವರ ನೆರವು ಪಡೆಯಬಯಸುವ ಶಾಲೆಗಳಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಘಟ್ಟದ ಬುಡದ ಈ ಊರುಗಳಿಂದ ಒಂದು ಮಗುವನ್ನು ಪೇಟೆಗೆ ಕರೆತರಬೇಕಾದರೆ ತಾಯಿಯ ಒಂದು ದಿನದ ಬೀಡಿಯೋ ತೋಟದ ಕೂಲಿಯೋ ಹೋಗುತ್ತದೆ, ಮಗುವಿನ ಒಂದು ದಿನದ ಪಾಠ ಹೋಗುತ್ತದೆ, ಮಧ್ಯಾಹ್ನದ ಬಸ್ಸು ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತದೆ. ಹೀಗಾಗಿ ಒಮ್ಮೆ ಬಂದವರಲ್ಲಿ ಅನೇಕರು ಎರಡನೆಯ ಸಲ ಬರುವುದಿಲ್ಲ. ಆಪ್ತಸಮಾಲೋಚನೆಯಾದರೋ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ.

ಎಷ್ಟು ಮಕ್ಕಳಿಗೆ ಇದು ಬೇಕಾದೀತು ಎಂಬುದನ್ನು ಮೊದಲೇ ಅಂದಾಜು ಮಾಡಿಕೊಳ್ಳಬೇಕು. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ ಎಂದು ಕಂಡುಕೊಂಡಿತು. ಆ ಲೆಕ್ಕದಲ್ಲಿ 150 ಮಕ್ಕಳಿರುವ ಪ್ರೌಢಶಾಲೆಯಲ್ಲಿ ಹತ್ತು ಹನ್ನೊಂದು ಮಕ್ಕಳಾದರೂ ಇರಬಹುದು. ಅಷ್ಟು ಮಕ್ಕಳಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಬೇಕೆಂದರೆ ವಾರದಲ್ಲಿ ಒಂದು ಇಡೀ ದಿನ ಆ ಶಾಲೆಗೇ ಮೀಸಲಾಗುತ್ತದೆ. ಹತ್ತು ಶಾಲೆಗಳಿಗೆ ಮಾತು ಕೊಟ್ಟು ಯಾವುದಕ್ಕೂ ಸರಿಯಾಗಿ ಸಿಗದಿರುವುದಕ್ಕಿಂತ ಎರಡು ಶಾಲೆಗಳನ್ನು ಒಪ್ಪಿಕೊಂಡು ವರ್ಷವಿಡೀ ನಿಲ್ಲುವುದು ಮೇಲು.

ಮೊದಲು ಖುದ್ದಾಗಿ ಹೋಗಿ

ನಾನು ಈ ಕೆಲಸ ಆರಂಭಿಸಿದಾಗ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಇಯರ್‌ಫೋನ್ ಮತ್ತು ಒಂದು ವೇಳಾಪಟ್ಟಿ ಇದ್ದರೆ ಸಾಕೆಂದು ನಂಬಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ವಾರಗಳ ಕಾಲ ನನ್ನ ಎಲ್ಲ ಪ್ರಶ್ನೆಗಳಿಗೂ ‘ಏನಿಲ್ಲ, ಸರಿಯಿದೆ’ ಎಂದಷ್ಟೇ ಹೇಳುತ್ತಿದ್ದಳು. ನಾಲ್ಕನೇ ವಾರ ಆ ಶಾಲೆಗೆ ಹೋಗಿ ನೋಡಿದರೆ, ಅವಳನ್ನು ಕೂರಿಸುತ್ತಿದ್ದ ಕೋಣೆಯ ಅರ್ಧಗೋಡೆಯ ಆಚೆ ಬಿಸಿಯೂಟದ ಅಡುಗೆಕೋಣೆಯಿತ್ತು, ಅಲ್ಲಿ ಅಡುಗೆ ಮಾಡುವವರಲ್ಲಿ ಒಬ್ಬರು ಅವಳ ಚಿಕ್ಕಮ್ಮನಾಗಿದ್ದರು. ನನ್ನ ಪರದೆಯ ಮೇಲೆ ಕಾಣುತ್ತಿದ್ದುದು ಒಂದು ನೀಲಿ ಗೋಡೆ ಮತ್ತು ಅವಳ ಮುಖ ಮಾತ್ರ. ಕೋಣೆ ಬದಲಿಸಿದ ಮೇಲೆ ಅವಳು ಮಾತಾಡಲು ಇನ್ನೂ ಎರಡು ವಾರ ಹಿಡಿಯಿತು, ಆದರೆ ಮಾತಾಡಿದಳು. ಅಂದಿನಿಂದ, ನಾನು ಕಣ್ಣಾರೆ ನೋಡದ ಕೋಣೆಯಲ್ಲಿ ಯಾವ ಮಗುವನ್ನೂ ಕೂರಿಸಿ ಮಾತಾಡಿಸುವುದಿಲ್ಲ.

ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆದ ಕೂಡಲೇ, ಮಳೆ ಬಿರುಸಾಗುವ ಮೊದಲು ಒಮ್ಮೆ ಹೋಗಿಬನ್ನಿ. ಹೋಗುವ ಮುನ್ನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಲಿಖಿತ ಅನುಮತಿ ಪಡೆದುಕೊಳ್ಳಿ; ಅದಿಲ್ಲದೆ ಮುಖ್ಯ ಶಿಕ್ಷಕರು ಒಪ್ಪಿದರೂ ಅವರಿಗೆ ವರ್ಗವಾದ ಮರುದಿನವೇ ಕೆಲಸ ನಿಲ್ಲಬಹುದು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಹದಿನೈದು ನಿಮಿಷ ಕೇಳಿಕೊಂಡು, ನೀವು ಏನು ಮಾಡುತ್ತೀರಿ, ಏನನ್ನು ಮಾಡುವುದಿಲ್ಲ ಎಂಬುದನ್ನು ತಿಳಿಸಿ. ಪೋಷಕರ ಭೇಟಿಗೂ ಜೂನ್ ಮತ್ತು ಜುಲೈ ಒಳ್ಳೆಯ ಕಾಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ತಂದೆಯರು ಊರಿನಲ್ಲಿರುತ್ತಾರೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಕಳೆದಿರುವುದರಿಂದ ಮೇಳಗಳ ತಿರುಗಾಟ ಮುಗಿಸಿದ ಯಕ್ಷಗಾನ ಕಲಾವಿದರೂ ಮನೆಗೆ ಬಂದಿರುತ್ತಾರೆ. ಮುಂಬಯಿಯ ಹೋಟೆಲಿನಲ್ಲೋ ಗಲ್ಫಿನಲ್ಲೋ ಇರುವ ತಂದೆಯರೊಂದಿಗೆ ಹೇಗೂ ಫೋನಿನಲ್ಲೇ ಮಾತಾಡಬೇಕಾಗುತ್ತದೆ, ಅವರನ್ನು ಬಿಟ್ಟುಬಿಡಬಾರದು.

ಆ ಭೇಟಿಯಲ್ಲಿ ಮಾಡಬೇಕಾದ ಬಹುಮುಖ್ಯ ಕೆಲಸವೆಂದರೆ ಶಾಲೆಯೊಳಗಿನ ಜೊತೆಗಾರರನ್ನು ಆರಿಸುವುದು. ದೂರದಲ್ಲಿರುವ ನಮಗೆ ಮಗು ಬೆಳಿಗ್ಗೆ ಊಟ ಮಾಡಿತೋ ಇಲ್ಲವೋ, ಕರೆ ಮುಗಿದ ಮೇಲೆ ಅಳುತ್ತ ಎಲ್ಲಿಗೆ ಹೋಯಿತು ಎಂಬುದು ಕಾಣುವುದಿಲ್ಲ. ಅದನ್ನು ಕಾಣುವ ಒಬ್ಬರು ಅಲ್ಲಿರಲೇಬೇಕು. ಯಾರೆಂದು ಮುಖ್ಯ ಶಿಕ್ಷಕರನ್ನು ಕೇಳಿದರೆ ಹೆಚ್ಚಾಗಿ ಬಿಡುವಿರುವವರ ಹೆಸರು ಬರುತ್ತದೆ. ನಾನು ಮಕ್ಕಳಿಗೇ ಚೀಟಿ ಕೊಟ್ಟು, ‘ನಿನಗೆ ಬಹಳ ಬೇಜಾರಾದರೆ ಈ ಶಾಲೆಯಲ್ಲಿ ಯಾರ ಹತ್ತಿರ ಹೇಳುತ್ತೀ?’ ಎಂದು ಹೆಸರು ಬರೆಸುತ್ತೇನೆ. ಎರಡು ಮೂರು ಹೆಸರುಗಳು ಎದ್ದು ಕಾಣುತ್ತವೆ, ಮತ್ತು ಅವು ಮುಖ್ಯ ಶಿಕ್ಷಕರು ನಿರೀಕ್ಷಿಸಿದ ಹೆಸರುಗಳಾಗಿರುವುದು ಕಡಿಮೆ. ರಜೆ, ತರಬೇತಿ, ಚುನಾವಣೆ ಕೆಲಸಗಳಿರುವುದರಿಂದ ಇಬ್ಬರನ್ನು ಸಿದ್ಧಪಡಿಸಿ, ಒಬ್ಬರಾದರೂ ಮಹಿಳೆಯಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಮೂರು ಮಾತುಗಳಲ್ಲಿ ಹೇಳುವ ಕ್ರಮ, ಅಂದರೆ ಗಮನಿಸುವುದು, ಕಿವಿಗೊಡುವುದು, ನೆರವಿನೊಂದಿಗೆ ಜೋಡಿಸುವುದು, ಇವರ ತರಬೇತಿಗೆ ಸಾಕು. ಇವರು ಮಗುವಿಗೆ ಬುದ್ಧಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ಎಲ್ಲರೆದುರು ಹೆಸರು ಕೂಗದೆ ಮಗುವನ್ನು ಕರೆತರುವುದು, ಕರೆ ಜೋಡಿಸಿ ಹೊರಗೆ ಕಣ್ಣಳತೆಯಲ್ಲಿ ಕೂರುವುದು, ಮುಗಿದ ಮೇಲೆ ಹತ್ತು ನಿಮಿಷ ಜೊತೆಗಿರುವುದು, ಇಷ್ಟೇ ಅವರ ಕೆಲಸ.

ಕೋಣೆ, ಫೋನು, ಮಳೆ

ಕೋಣೆ ಮುಖ್ಯ ಶಿಕ್ಷಕರದ್ದಾಗಬಾರದು, ಏಕೆಂದರೆ ಅಲ್ಲಿಗೆ ಕರೆಸಿಕೊಂಡ ಮಗು ತಪ್ಪು ಮಾಡಿದೆ ಎಂದೇ ಉಳಿದವರು ತಿಳಿಯುತ್ತಾರೆ. ಗ್ರಂಥಾಲಯವೋ ಕಂಪ್ಯೂಟರ್ ಕೋಣೆಯೋ ಆದೀತು. ಒಬ್ಬರು ಒಳಗೆ ಸಾಮಾನ್ಯ ದನಿಯಲ್ಲಿ ಮಾತಾಡುತ್ತಿರಲಿ, ಇನ್ನೊಬ್ಬರು ಜಗಲಿಯಲ್ಲೂ ಕಿಟಕಿಯ ಬಳಿಯೂ ಗೋಡೆಯ ಆಚೆಯೂ ನಿಂತು ಕೇಳಿಸಿಕೊಳ್ಳಲಿ. ಮಾತು ಬಿಡಿಬಿಡಿಯಾಗಿ ಕೇಳಿಸಿದರೆ ಆ ಕೋಣೆಯನ್ನು ಬಿಡಿ. ಮಗುವಿನ ಬೆನ್ನಿಗೆ ಗೋಡೆಯಿರಲಿ, ಬಾಗಿಲು ಅದರ ಕಣ್ಣಿಗೆ ಬೀಳುವಂತಿರಲಿ. ಪ್ರತಿ ಸಲವೂ ಕರೆ ಆರಂಭಿಸುವಾಗ ಫೋನನ್ನು ಒಂದು ಸುತ್ತು ತಿರುಗಿಸಿ ಕೋಣೆ ತೋರಿಸಲು ಹೇಳಿ, ನಿಮ್ಮ ಕೋಣೆಯನ್ನೂ ಹಾಗೆಯೇ ತೋರಿಸಿ. ಎರಡು ಕಡೆಯೂ ಬೇರೆ ಯಾರಿಲ್ಲವೆಂಬುದು ಮಗುವಿಗೆ ಖಚಿತವಾಗಬೇಕು.

ಇಯರ್‌ಫೋನ್ ಹಾಕಿಕೊಂಡರೆ ನಿಮ್ಮ ಮಾತು ಹೊರಗೆ ಕೇಳಿಸದು, ಆದರೆ ಮಗುವಿನ ಮಾತು ಕೇಳಿಸುತ್ತದೆ. ಆದ್ದರಿಂದ ಸೂಕ್ಷ್ಮವಾದುದನ್ನು ಕೇಳುವಾಗ ಹೌದು, ಅಲ್ಲ ಎಂದು ಉತ್ತರಿಸುವಂತೆ ಕೇಳಿ, ಅಥವಾ ಹಾಳೆಯಲ್ಲಿ ಬರೆದು ಕ್ಯಾಮೆರಾಕ್ಕೆ ತೋರಿಸಲು ಹೇಳಿ. ಆ ಹಾಳೆಯನ್ನು ಕರೆ ಮುಗಿಯುವ ಮುನ್ನ ಹರಿದುಹಾಕಿಸಿ. ಯಾರಾದರೂ ಹತ್ತಿರ ಬಂದರೆ ಮಗು ಬಳಸುವ ಒಂದು ಮಾತನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ‘ನೋಟ್ಸ್ ಬರೆಯಲಿಕ್ಕುಂಟು’ ಎಂದು ಅದು ಹೇಳಿದ ಕೂಡಲೇ ನೀವು ಪಾಠದ ವಿಷಯಕ್ಕೆ ಹೊರಳಬೇಕು.

ಸಿಗ್ನಲ್ಲಿನ ವಿಷಯದಲ್ಲಿ ಹಟ ಬೇಡ. ಕಾಡಂಚಿನ ಊರುಗಳಲ್ಲಿ ವೀಡಿಯೊ ನಿಂತುನಿಂತು ಬರುವುದಾದರೆ ಧ್ವನಿಕರೆಯೇ ಒಳ್ಳೆಯದು. ಅನೇಕ ಮಕ್ಕಳು, ಮುಖ್ಯವಾಗಿ ಹುಡುಗರು, ಮುಖ ಕಾಣದಿದ್ದಾಗಲೇ ಹೆಚ್ಚು ಮಾತಾಡುವುದನ್ನು ಕಂಡಿದ್ದೇನೆ. ಕರೆ ಕಡಿದುಹೋದರೆ ಯಾರು ಯಾರಿಗೆ ಮರಳಿ ಕರೆಮಾಡಬೇಕು, ಸಿಗದಿದ್ದರೆ ಜೊತೆಗಾರ ಶಿಕ್ಷಕಿಯ ಯಾವ ಸಂಖ್ಯೆಗೆ ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು, ಏಕೆಂದರೆ ಅಳುತ್ತಿರುವಾಗ ಕರೆ ಕಡಿದರೆ ಮಗು ಅದನ್ನು ತನ್ನನ್ನು ಬಿಟ್ಟುಹೋದಂತೆಯೇ ಭಾವಿಸುತ್ತದೆ. ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಏನೂ ಕೇಳಿಸುವುದಿಲ್ಲ, ಕರೆಂಟೂ ಇರುವುದಿಲ್ಲ, ಜಿಲ್ಲಾಧಿಕಾರಿಗಳು ಮಳೆರಜೆ ಘೋಷಿಸಿದರೆ ಶಾಲೆಯೇ ಇಲ್ಲ. ಅಂಥ ವಾರದಲ್ಲಿ ಹತ್ತು ನಿಮಿಷದ ಒಂದು ಕರೆಯನ್ನಾದರೂ ಮನೆಗೆ ಮಾಡಿ. ಆದರೆ ಮನೆಯಲ್ಲಿ ಗುಟ್ಟಿನ ಮಾತು ಬೇಡ, ಕ್ಷೇಮ ವಿಚಾರಿಸಿ ಮುಂದಿನ ದಿನ ಗೊತ್ತುಮಾಡಿದರೆ ಸಾಕು. ಕರೆಗೆ ಶಾಲೆಯ ಫೋನನ್ನೇ ಬಳಸಿ, ಯಾವುದನ್ನೂ ರೆಕಾರ್ಡ್ ಮಾಡಬೇಡಿ, ತಂದೆಯ ವಾಟ್ಸ್‌ಆ್ಯಪ್‌ಗೆ ಮಗುವಿನ ವಿಷಯವನ್ನು ಬರೆದು ಕಳಿಸಬೇಡಿ. ಕರೆಗಾಗಿ ಆಟದ ಪಿರಿಯಡ್ಡನ್ನು ಮಾತ್ರ ಎಂದೂ ಕಿತ್ತುಕೊಳ್ಳಬೇಡಿ.

ಒಪ್ಪಿಗೆ ಮತ್ತು ಗುಟ್ಟು

ಮಗು 18 ವರ್ಷಕ್ಕಿಂತ ಚಿಕ್ಕದಾದ್ದರಿಂದ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ‘ನನ್ನ ಮಗಳಿಗೆ ಎಂತ ಆಗಿದೆ ಟೀಚರ್, ತಲೆ ಸರಿಯಿಲ್ಲವಾ?’ ಎಂಬ ತಾಯಿಯ ಪ್ರಶ್ನೆಗೆ ಕಾಯಿಲೆಯ ಹೆಸರಿನಿಂದ ಉತ್ತರಿಸಬೇಡಿ. ಎರಡು ತಿಂಗಳಿಂದ ಅವಳ ನಿದ್ದೆ ಕೆಟ್ಟಿದೆ, ಗೆಳತಿಯರೊಂದಿಗೆ ಸೇರುತ್ತಿಲ್ಲ, ಓದಿದ್ದು ನೆನಪಿರುತ್ತಿಲ್ಲ, ಇದಕ್ಕೆ ನೆರವು ಕೊಡಬಹುದು ಎಂದು ಕಂಡದ್ದನ್ನೇ ಹೇಳಿದರೆ ತಾಯಿಗೂ ಅದು ತಾನು ಮನೆಯಲ್ಲಿ ಕಂಡದ್ದೇ ಎನಿಸುತ್ತದೆ.

ಈ ಜಿಲ್ಲೆಗಳಲ್ಲಿ ಅನೇಕ ಕುಟುಂಬಗಳು ಅಷ್ಟರಲ್ಲಾಗಲೇ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿರುತ್ತವೆ, ದೈವಕ್ಕೆ ಹರಕೆ ಹೇಳಿಕೊಂಡಿರುತ್ತವೆ, ಮಗುವಿನ ಕೈಗೆ ನೂಲು ಕಟ್ಟಿಸಿರುತ್ತವೆ. ಇದನ್ನು ಅಲ್ಲಗಳೆಯುವುದು ನಮ್ಮ ಕೆಲಸವಲ್ಲ. ಕಷ್ಟದಲ್ಲಿದ್ದ ತಂದೆತಾಯಿ ತಮಗೆ ತಿಳಿದ ದಾರಿಯಲ್ಲಿ ಮಗುವಿಗಾಗಿ ಓಡಾಡಿದ್ದಾರೆ ಎಂಬುದನ್ನು ಗೌರವಿಸಬೇಕು. ಹರಕೆಯೂ ನಡೆಯಲಿ, ಇದೂ ನಡೆಯಲಿ ಎಂದಾಗ ಬೇಡವೆಂದವರನ್ನು ನಾನು ಕಂಡಿಲ್ಲ. ಹೊಡೆಯುವುದು, ಉಪವಾಸ ಕೆಡವುವುದು, ಕೊಡುತ್ತಿರುವ ಔಷಧಿ ನಿಲ್ಲಿಸುವುದು, ಇವು ಮೂರನ್ನು ಮಾತ್ರ ಸ್ಪಷ್ಟವಾಗಿ ಕೂಡದೆನ್ನಬೇಕು.

ಗುಟ್ಟಿನ ಬಗ್ಗೆ ಮಗುವಿಗೆ ಮೊದಲ ಭೇಟಿಯಲ್ಲೇ ಹೇಳಿ: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ, ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ಅಥವಾ ಯಾರಾದರೂ ನಿನ್ನ ಮೈಮುಟ್ಟಿ ಹಿಂಸೆ ಕೊಡುತ್ತಿದ್ದರೆ, ನಿನ್ನನ್ನು ಕಾಪಾಡಲು ಬೇಕಾದವರಿಗೆ ನಾನು ಹೇಳಲೇಬೇಕು. ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.’ ಮಗು ಬಾಯಿಬಿಟ್ಟ ಮೇಲೆ ಈ ಷರತ್ತು ಹೇಳಿದರೆ ಅದು ಮೋಸವಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಂಥ ಸಂಗತಿ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿರುವುದು ಶಿಕ್ಷಾರ್ಹ. ಶಾಲೆಯ ಹೆಸರು ಕೆಡುತ್ತದೆ, ಊರಲ್ಲಿ ಮಾತಾಗುತ್ತದೆ ಎಂಬ ಒತ್ತಡ ಬಂದೇ ಬರುತ್ತದೆ. ಅದಕ್ಕೆ ಬಗ್ಗಬಾರದು. ಮಕ್ಕಳ ಸಹಾಯವಾಣಿ 1098 ಇಂಥ ಹೊತ್ತಿಗೆ ಜೊತೆಗಿರುತ್ತದೆ.

ಯಾವ ಮಾತಿನಲ್ಲಿ

ಶಾಲೆಯ ಮಾತು ಕನ್ನಡ, ಮನೆಯ ಮಾತು ತುಳುವೋ ಕುಂದಾಪ್ರ ಕನ್ನಡವೋ ಬ್ಯಾರಿಯೋ ಕೊಂಕಣಿಯೋ. ಸುಳ್ಯದ ಕಡೆ ಅರೆಭಾಷೆ, ಮುದೂರಿನಂಥ ಕಡೆ ಮಲಯಾಳ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. ‘ಖಿನ್ನತೆ’, ‘ಆತಂಕ’ ಎಂಬ ಮಾತುಗಳು ಹತ್ತನೇ ತರಗತಿಯ ಮಕ್ಕಳಿಗೂ ಪರೀಕ್ಷೆಯಲ್ಲಿ ಬರೆಯುವ ಪದಗಳಷ್ಟೇ. ಅವರಲ್ಲಿರುವುದು ಬೇಜಾರು, ಮಂಡೆಬೆಚ್ಚ (ತಲೆಬಿಸಿ), ಪೋಡಿಗೆ (ಹೆದರಿಕೆ). ಇವುಗಳಲ್ಲಿ ಬೇಜಾರು ಎಂಬುದನ್ನು ಬಹಳ ಎಚ್ಚರದಿಂದ ಬಿಡಿಸಬೇಕು: ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಮನಸ್ಸು ನೋಯಿಸಿದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ‘ಯಾವ ತರದ ಬೇಜಾರು? ಅದು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ತರೆಬೇನೆಯಾಗಿ, ಬಂಜಿಬೇನೆಯಾಗಿಯೇ ಬರುತ್ತದೆ. ತಲೆನೋವು, ಹೊಟ್ಟೆನೋವು ಎಂದು ವಾರಕ್ಕೆರಡು ಸಲ ಮನೆಗೆ ಹೋಗುವ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತಪಾಸಣೆ ಮಾಡಿಸಿ, ದೇಹದ ಕಾರಣ ಸಿಗದಿದ್ದರೆ ನಮ್ಮ ಪಟ್ಟಿಗೆ ಸೇರಿಸಬೇಕು. ನಿಮಗೆ ಆ ಮನೆಮಾತು ಬಾರದಿದ್ದರೆ ಮಗುವಿನಿಂದಲೇ ನಾಲ್ಕು ಮಾತು ಕಲಿಯಿರಿ. ಕಲಿಸುವ ಸ್ಥಾನದಲ್ಲಿ ಕೂತ ಮಗು ಸ್ವಲ್ಪ ಸಡಿಲಾಗುತ್ತದೆ. ನೆರೆಮನೆಯವರನ್ನೋ ಸಹಪಾಠಿಯನ್ನೋ ದುಭಾಷಿಯಾಗಿ ಕೂರಿಸುವುದು ಮಾತ್ರ ಸಲ್ಲದು.

ಶಿಕ್ಷಕರು ಕಳಿಸುವ ಪಟ್ಟಿಯಲ್ಲಿ ಗಲಾಟೆ ಮಾಡುವ ಹುಡುಗರೇ ಹೆಚ್ಚಿರುತ್ತಾರೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವವರನ್ನೂ, ನೂರಕ್ಕೆ ತೊಂಬತ್ತೆಂಟು ಬಂದಾಗ ಅಳುವವರನ್ನೂ ಕೇಳಿ ಪಡೆದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಸ್ಥಾನ ಅದಲುಬದಲಾಯಿತು. ಈ ಹೆಮ್ಮೆಯ ಭಾರವನ್ನು ಹೊರುವವರು ಹದಿನೈದು ವರ್ಷದ ಮಕ್ಕಳು. ಶೇಕಡಾ ನೂರು ಫಲಿತಾಂಶ ಬೇಕೆಂದಿರುವ ಶಾಲೆಯಲ್ಲಿ ನಪಾಸಾಗಬಹುದಾದ ಮೂರ್ನಾಲ್ಕು ಮಕ್ಕಳು ಡಿಸೆಂಬರಿನಿಂದಲೇ ಎಲ್ಲರ ಕಣ್ಣಿನಲ್ಲಿರುತ್ತಾರೆ, ಅದು ಅವರಿಗೂ ಗೊತ್ತಿರುತ್ತದೆ.

ಮಾತುಕತೆ ನಡೆಯುವಾಗ

ಮೊದಲ ಐದು ನಿಮಿಷ ಊಟ, ನಿದ್ದೆ, ದಾರಿಯಲ್ಲಿ ಕಂಡದ್ದು, ಇಷ್ಟೇ ಸಾಕು. ಫೋನಿನಲ್ಲಿ ಮೌನ ಬಹಳ ಉದ್ದವೆನಿಸುತ್ತದೆ. ಅದನ್ನು ತುಂಬಲು ಆತುರಪಟ್ಟು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಬೇಡಿ. ‘ನಾನು ಇಲ್ಲೇ ಇದ್ದೇನೆ, ನಿಧಾನಕ್ಕೆ ಹೇಳು’ ಎಂದು ಒಮ್ಮೆ ಹೇಳಿ ಕಾಯಿರಿ. ಮಾತಾಡದ ಮಗುವಿಗೆ ಚಿತ್ರ ಬರೆಯಲು ಹೇಳಿ, ಬರೆಯುತ್ತಿರುವಾಗ ಸುಮ್ಮನೆ ಜೊತೆಗಿರಿ. ಎದೆ ಹೊಡೆದುಕೊಂಡು ಕೈ ನಡುಗುವ ಮಗುವಿಗೆ, ಸುತ್ತ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಸದ್ದು, ಮೂಗಿಗೆ ಬರುವ ಎರಡು ವಾಸನೆ, ನಾಲಗೆಯ ಒಂದು ರುಚಿ, ಹೀಗೆ ಎಣಿಸಲು ಹೇಳಿಕೊಡಿ. ಮಳೆಯ ಸದ್ದು, ಒದ್ದೆ ಮಣ್ಣು, ಮೇಜಿನ ಮರ, ಇವೇ ಸಾಕಾಗುತ್ತವೆ. ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ನಿಧಾನವಾಗಿರಲಿ. ಕೊನೆಯ ಐದು ನಿಮಿಷದಲ್ಲಿ ಹೊಸ ಗಾಯ ಕೆದಕಬೇಡಿ. ಮಗು ಈ ಕೋಣೆಯಿಂದ ನೇರವಾಗಿ ಗಣಿತದ ತರಗತಿಗೆ ಹೋಗಿ ಕೂರಬೇಕಾಗಿದೆ ಎಂಬುದು ನೆನಪಿರಲಿ.

ಜೀವಕ್ಕೆ ಅಪಾಯವೆನಿಸಿದಾಗ

‘ಎಲ್ಲ ಸಾಕಾಗಿದೆ’, ‘ನಾನಿಲ್ಲದಿದ್ದರೆ ಅವರಿಗೆ ಆರಾಮ’ ಎಂಬಂಥ ಮಾತು ಬಂದರೆ ಸುತ್ತಿಬಳಸದೆ ಕೇಳಿ: ‘ಸಾಯುವ ಯೋಚನೆ ಬರುತ್ತದೆಯೇ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರೋ ಕೇಳಿದರಲ್ಲ ಎಂದು ಮಗುವಿಗೆ ಹಗುರವಾಗುತ್ತದೆ. ಹೌದೆಂದರೆ ಕರೆಯನ್ನು ಬಿಡಬೇಡಿ. ಇನ್ನೊಂದು ಫೋನಿನಿಂದ ಜೊತೆಗಾರ ಶಿಕ್ಷಕಿಯನ್ನು ಒಳಗೆ ಕರೆಸಿ; ಆ ಕ್ಷಣದಿಂದ ಪೋಷಕರು ಬಂದು ಕೈಹಿಡಿಯುವವರೆಗೆ, ಶೌಚಾಲಯಕ್ಕೆ ಹೋಗುವಾಗಲೂ, ಮಗು ಒಂಟಿಯಾಗಿರಬಾರದು. ಮನೆಗೆ ಒಂಟಿಯಾಗಿ ಬಸ್ಸಿನಲ್ಲಿ ಕಳಿಸುವಂತೆಯೇ ಇಲ್ಲ. ಅಪಾಯ ಕೈಮೀರುವಂತಿದ್ದರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ. ಇಲ್ಲವಾದರೆ ಅದೇ ದಿನ ಅಥವಾ ಮರುದಿನ ಬೆಳಿಗ್ಗೆ ಮನೋವೈದ್ಯರ ಬಳಿಗೆ. ಮಗುವಿಗೆ ಬೈಯಬೇಡಿರೆಂದು ತಂದೆತಾಯಿಗೆ ಮೊದಲು ಹೇಳಿ; ತೋಟಕ್ಕೆ ಸಿಂಪಡಿಸುವ ಮದ್ದು, ಅಜ್ಜಿಯ ಮಾತ್ರೆಗಳು ಇಂದೇ ಬೀಗದೊಳಗೆ ಹೋಗಬೇಕೆಂದು ಆಮೇಲೆ ಹೇಳಿ, ಸಂಜೆ ಕರೆಮಾಡಿ ಹೋಯಿತೇ ಎಂದು ಕೇಳಿ. ಅತ್ಯಂತ ಕೆಟ್ಟ ಗಳಿಗೆಗಳು ಬಹಳ ಹೊತ್ತು ಇರುವುದಿಲ್ಲ, ಆಗ ಕೈಗೆ ಏನೂ ಸಿಗದಿದ್ದರೆ ಮಗು ಉಳಿಯುವ ಸಾಧ್ಯತೆ ಹೆಚ್ಚು. ಪೊಲೀಸ್ ಕೇಸಿನ ಹೆದರಿಕೆಯಿಂದ ಪ್ರಯತ್ನವನ್ನು ಮುಚ್ಚಿಡುವ ಮನೆಗಳಿಗೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹಾಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ, ಶಿಕ್ಷಿಸುವುದಿಲ್ಲ ಎಂದು ತಿಳಿಸಿ.

ನೀವು ಸಿಗದ ರಾತ್ರಿಗಳಿಗಾಗಿ 14416 ಸಂಖ್ಯೆಯನ್ನು ಮಗುವಿಗೂ ಮನೆಯವರಿಗೂ ಬಾಯಿಪಾಠ ಮಾಡಿಸಿ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಒಮ್ಮೆ ನಿಮ್ಮೆದುರಲ್ಲೇ ಕರೆಮಾಡಿಸಿ ತೋರಿಸಿದರೆ ಬೇಕಾದಾಗ ಮಾಡುವ ಧೈರ್ಯ ಬರುತ್ತದೆ.

ಔಷಧಿಯ ಮಾತು ವೈದ್ಯರಿಗೇ ಇರಲಿ. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಚಿಕ್ಕ ಮಕ್ಕಳನ್ನು ವೈದ್ಯರು ದೂರದಿಂದ ನೋಡಬೇಕಾದರೆ ಗುರುತು ಖಚಿತವಾದ ವಯಸ್ಕರೊಬ್ಬರು ಜೊತೆಗಿರಬೇಕು, ಕೆಲವು ಔಷಧಿಗಳನ್ನು ದೂರದಿಂದ ಬರೆದುಕೊಡುವಂತೆಯೇ ಇಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂದು ವಿಚಾರಿಸಿಟ್ಟುಕೊಂಡರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೋ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋಗುವ ದೂರ ತಪ್ಪುತ್ತದೆ. ಆಶಾ ಕಾರ್ಯಕರ್ತೆ ಅದೇ ಊರಿನವರಾದ್ದರಿಂದ ಅವರನ್ನು ಸೇರಿಸಿಕೊಳ್ಳುವ ಮುನ್ನ ಮಗುವಿನ ಮನೆಯವರನ್ನು ಕೇಳಿ.

ಟಿಪ್ಪಣಿಯಲ್ಲಿ ಹೆಸರಿನ ಬದಲು ಒಂದು ಸಂಖ್ಯೆ, ದಿನಾಂಕ, ಎರಡು ಸಾಲು ಸಾಕು. ಶಾಲೆಗೆ ಹೋಗುವ ವರದಿಯಲ್ಲಿ ಎಷ್ಟು ಮಕ್ಕಳೊಂದಿಗೆ ಮಾತಾಯಿತು ಎಂಬುದಷ್ಟೇ ಇರಲಿ.

ಹತ್ತನೇ ತರಗತಿಯ ಮಕ್ಕಳು ಮಾರ್ಚಿನಲ್ಲಿ ಶಾಲೆ ಬಿಡುತ್ತಾರೆ, ಅದರೊಂದಿಗೆ ನಮ್ಮ ಕೋಣೆ, ಶಾಲೆಯ ಫೋನು, ಜೊತೆಗಾರ ಶಿಕ್ಷಕಿ ಎಲ್ಲವೂ ಕೈಬಿಡುತ್ತವೆ. ಆದ್ದರಿಂದ ಫೆಬ್ರವರಿಯಿಂದಲೇ ಕೊನೆಯ ಭೇಟಿಗಳನ್ನು ಎಣಿಸಿ ಹೇಳಿ, ಪಿಯು ಕಾಲೇಜಿನಲ್ಲಿ ಯಾರಿಗೆ ಎಷ್ಟು ತಿಳಿಸಬೇಕೆಂಬುದನ್ನು ಮಗುವೇ ತೀರ್ಮಾನಿಸಲಿ. ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆಯೆಂಬುದನ್ನು ಫಲಿತಾಂಶಕ್ಕೆ ಮುಂಚೆಯೇ ಮಗುವಿಗೂ ತಂದೆಗೂ ಒಟ್ಟಿಗೆ ಕೂರಿಸಿ ಹೇಳಿ. ಫಲಿತಾಂಶ ಬರುವ ದಿನ ಯಾವ ಮಗುವಿನ ಮನೆಗೆ ಯಾರು ಕರೆಮಾಡುವುದೆಂದು ಜೊತೆಗಾರ ಶಿಕ್ಷಕಿಯೊಂದಿಗೆ ಹಿಂದಿನ ದಿನವೇ ಹಂಚಿಕೊಳ್ಳಿ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ರಾತ್ರಿ ಮಲಗುವವರೆಗೂ ಫೋನು ಕೈಯಲ್ಲಿರಲಿ.